ಶಾಲಾ ಕೈತೋಟ ಬಾಡಿತು, ಬಳಗ ಕರಗಿತು: ನೋಂದಣಿ ಮಾಡಿಸಿದರೆ ಸರಿಹೋದೀತೆ?

ಪ್ರಶ್ನೆ: ನಾವು ಮೈಸೂರಿನ ಒಂದು ಬಡಾವಣೆಯ ನಿವಾಸಿಗಳು. ಮೂರು ವರ್ಷಗಳ ಹಿಂದೆ ಹತ್ತು ಹದಿನೈದು ಮಂದಿ ಸೇರಿ, ಲಾಭದ ಉದ್ದೇಶವಿಲ್ಲದೆ, ಮಕ್ಕಳಿಗೂ ನೆರೆಹೊರೆಯವರಿಗೂ ಕೈತೋಟದ ಕೆಲಸ ಕಲಿಸುವ ಬಳಗವೊಂದನ್ನು ಕಟ್ಟಿಕೊಂಡೆವು. ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಒಂದು ಗುಂಟೆ ಜಾಗದಲ್ಲಿ ಮತ್ತು ಬಡಾವಣೆಯ ಪಾರ್ಕಿನ ಒಂದು ಮೂಲೆಯಲ್ಲಿ ತರಕಾರಿ ಬೆಳೆಯುತ್ತೇವೆ. ಮೊದಲ ವರ್ಷ ಭಾನುವಾರದ ತರಗತಿಗೆ ಮೂವತ್ತು ಜನ ಬರುತ್ತಿದ್ದರು. ಈಗ ನಾಲ್ಕೈದು ಜನ. ಪ್ರತಿ ಬೇಸಿಗೆ ರಜೆಯಲ್ಲಿ ತೋಟ ಒಣಗಿಹೋಗುತ್ತದೆ. ಟೊಮೇಟೊ, ಬೆಂಡೆ ಗಿಡಗಳ ಎಲೆ ಹಳದಿಯಾಗುತ್ತಿದೆ. ನಗರದ ಮಣ್ಣಿನಲ್ಲಿ ಸೀಸವಿರುತ್ತದೆ, ಅಲ್ಲಿ ಬೆಳೆದದ್ದು ವಿಷ ಎಂದು ಒಬ್ಬ ಪೋಷಕರು ಹೇಳಿದರೆ, ಮಕ್ಕಳ ಕೈಯಲ್ಲಿ ಮಾಲಿ ಕೆಲಸ ಮಾಡಿಸುತ್ತೀರಿ ಎಂದು ಇನ್ನೊಬ್ಬರು ಜಗಳ ತೆಗೆದಿದ್ದಾರೆ. ಮುಖ್ಯೋಪಾಧ್ಯಾಯಿನಿಯವರು ‘ಪೂರ್ತಿ ನೀವೇ ನೋಡಿಕೊಳ್ಳಿ, ಇಲ್ಲವಾದರೆ ಬಿಟ್ಟುಬಿಡಿ’ ಎನ್ನುತ್ತಿದ್ದಾರೆ. ಒಂದು ಕಂಪನಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೊಡಲು ಮುಂದೆ ಬಂದಿದೆ, ಆದರೆ ನೋಂದಣಿ ಕೇಳುತ್ತಿದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಡಾವಣೆಯ ಹುಡುಗನೊಬ್ಬನೂ ಹಣ ಕಳಿಸುತ್ತೇನೆ ಎಂದಿದ್ದಾನೆ. ಸೊಸೈಟಿ ಮಾಡಬೇಕೆಂದು ಕೆಲವರು, ಟ್ರಸ್ಟ್ ಸಾಕೆಂದು ಕೆಲವರು. ನೋಂದಣಿ ಮಾಡಿಸಿ, ಒಬ್ಬ ಮಾಲಿಯನ್ನು ಇಟ್ಟುಕೊಂಡರೆ ಬಳಗ ಉಳಿದೀತೆ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಅವೆಲ್ಲದರ ಹಿಂದಿರುವ ಆತಂಕ ಒಂದೇ: ಒಳ್ಳೆಯ ಉದ್ದೇಶದಿಂದ ಆರಂಭಿಸಿದ ಕೆಲಸ ಕೆಲವರ ಬೆನ್ನ ಮೇಲಿನ ಹೊರೆಯಾಗಿ ಉಳಿದುಬಿಟ್ಟಿದೆ, ಅದನ್ನು ಇಳಿಸುವುದೋ ಹೊರುವುದೋ ತಿಳಿಯುತ್ತಿಲ್ಲ. ತೋಟಗಾರಿಕೆ ವಿಸ್ತರಣೆಯ, ಅಂದರೆ ತೋಟಗಾರಿಕೆಯ ತಿಳಿವಳಿಕೆಯನ್ನು ಜನರಿಗೆ ತಲುಪಿಸುವ ಕೆಲಸದಲ್ಲಿದ್ದಾಗ ನಾನು ಕಂಡ ಇಂತಹ ಬಳಗಗಳಲ್ಲಿ ಹೆಚ್ಚಿನವು ಇದೇ ಘಟ್ಟದಲ್ಲಿ ನಿಂತುಹೋದವು, ಮತ್ತು ಅವುಗಳಲ್ಲಿ ಹಲವು ನೋಂದಣಿಯಾದವೇ ಆಗಿದ್ದವು. ಆದ್ದರಿಂದ ನೋಂದಣಿಯ ವಿಚಾರವನ್ನು ಸ್ವಲ್ಪ ಬದಿಗಿಟ್ಟು, ತೋಟ ಏಕೆ ಒಣಗುತ್ತದೆ ಎಂಬಲ್ಲಿಂದ ಆರಂಭಿಸುತ್ತೇನೆ.

ನಿಮ್ಮ ಬಳಗ ಹುಟ್ಟಿದ್ದು ಕಲಿಸುವುದಕ್ಕೆ. ಆದರೆ ಮೂರು ವರ್ಷಗಳಲ್ಲಿ ನೀವು ಹೆಚ್ಚಾಗಿ ಮಾಡಿರುವುದು ತೋಟ ಸಾಕುವ ಕೆಲಸ. ಇವೆರಡೂ ಬೇರೆ ಬೇರೆ ಕೆಲಸಗಳು. ಬೇಕಾದ ಜನ ಬೇರೆ, ಬೇಕಾದ ಸಮಯ ಬೇರೆ. ವಾರಕ್ಕೊಮ್ಮೆ ಎರಡು ಗಂಟೆ ಕೊಡಬಲ್ಲವರು ಚೆನ್ನಾಗಿ ಕಲಿಸಬಲ್ಲರು, ಆದರೆ ವಾರಕ್ಕೊಮ್ಮೆ ನೀರುಂಡು ಬದುಕುವ ಸೊಪ್ಪಿನ ಮಡಿ ಯಾವುದೂ ಇಲ್ಲ. 1972ರ ಸುಮಾರಿಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ‘ಮಾಸ್ಟರ್ ಗಾರ್ಡನರ್’ ಎಂಬ ಸ್ವಯಂಸೇವಾ ಪದ್ಧತಿ ಆರಂಭವಾಯಿತು. ನಗರದ ಮನೆಮಂದಿ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರಿಸಲು ವಿಶ್ವವಿದ್ಯಾಲಯದ ವಿಸ್ತರಣಾಧಿಕಾರಿಗಳಿಗೆ ಸಾಧ್ಯವಾಗದಿದ್ದಾಗ, ಆಸಕ್ತರಿಗೆ ತರಬೇತಿ ಕೊಟ್ಟು, ಪ್ರತಿಯಾಗಿ ಇಷ್ಟು ಗಂಟೆ ಜನರ ಪ್ರಶ್ನೆಗಳಿಗೆ ಉತ್ತರಿಸಬೇಕೆಂದು ಅವರಿಂದ ಮಾತು ತೆಗೆದುಕೊಂಡರು. ಆ ಪದ್ಧತಿ ಇಂದಿಗೂ ನಡೆದಿದೆ. ಅಲ್ಲಿ ಸ್ವಯಂಸೇವಕರಿಗೆ ಮೊದಲು ಒಪ್ಪಿಸಿದ್ದು ಸಾಕಬೇಕಾದ ತೋಟವನ್ನಲ್ಲ, ಜನರ ಪ್ರಶ್ನೆಗಳನ್ನು. ನಮ್ಮ ಬೆಂಗಳೂರಿನಲ್ಲಿ ತಾರಸಿ ತೋಟದ ಬಳಗಗಳು ಬೆಳೆದದ್ದೂ ಹೀಗೆಯೇ. ಗಿಡ ಅವರವರ ತಾರಸಿಯದು, ನೀರು ಅವರವರ ನಲ್ಲಿಯದು. ಬಳಗ ಕೊಡುವುದು ತಿಳಿವಳಿಕೆ, ಬೀಜ, ಮತ್ತು ಬೆಳೆದದ್ದನ್ನು ನಾಲ್ಕು ಜನರ ಮುಂದೆ ಇಡುವ ಒಂದು ಸಂತೆ.

ನೀರಿನ ಲೆಕ್ಕವನ್ನೇ ನೋಡೋಣ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತರಕಾರಿ ಬೆಳೆ ತುಂಬಿದ ನೆಲ ದಿನಕ್ಕೆ ಐದಾರು ಮಿಲಿಮೀಟರಿನಷ್ಟು ನೀರನ್ನು ಕಳೆದುಕೊಳ್ಳುತ್ತದೆ. ಒಂದು ಗುಂಟೆ ಎಂದರೆ 1,089 ಚದರ ಅಡಿ, ಅಂದರೆ ಸುಮಾರು ನೂರು ಚದರ ಮೀಟರ್. ಅಷ್ಟೂ ಜಾಗದಲ್ಲಿ ಬೆಳೆ ಇದ್ದರೆ ದಿನಕ್ಕೆ ಐನೂರರಿಂದ ಆರುನೂರು ಲೀಟರ್ ಬೇಕು. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಅದು ಮೂವತ್ತೈದರಿಂದ ನಲವತ್ತು ಕೊಡ. ಶಾಲೆಗೆ ಬೀಗ ಬಿದ್ದಿರುವ, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ, ಬಳಗದ ಅರ್ಧ ಜನ ಮೊಮ್ಮಕ್ಕಳನ್ನು ನೋಡಲು ಊರಿಗೆ ಹೋಗಿರುವ ತಿಂಗಳಲ್ಲಿ ಉಳಿದ ನಾಲ್ವರು ಇದನ್ನು ಹೊರಲಾರರು. ಇದರಲ್ಲಿ ನಿಮ್ಮ ಶ್ರದ್ಧೆಯ ಕೊರತೆ ಏನೂ ಇಲ್ಲ, ತೋಟ ಶಾಲೆಯ ಅಳತೆಗಿಂತ ದೊಡ್ಡದಾಗಿದೆ ಅಷ್ಟೆ.

ಎರಡನೆಯ ಕಾರಣ ಪಂಚಾಂಗದ್ದು. ನಮ್ಮ ಶಾಲೆಗಳು ಮೇ ಕೊನೆಗೆ ಅಥವಾ ಜೂನ್ ಮೊದಲಿಗೆ ತೆರೆಯುತ್ತವೆ, ದಸರೆಗೆ ಕೆಲವು ದಿನ ಮುಚ್ಚುತ್ತವೆ, ಏಪ್ರಿಲ್ ಎರಡನೆಯ ವಾರಕ್ಕೆ ಬೇಸಿಗೆ ರಜೆ ಆರಂಭವಾಗುತ್ತದೆ. ಹಾಗಿರುವಾಗ ಫೆಬ್ರವರಿಯಲ್ಲಿ ಟೊಮೇಟೊ ಸಸಿ ನೆಟ್ಟರೆ, ನಾಟಿ ಮಾಡಿದ ಅರವತ್ತು ಎಪ್ಪತ್ತು ದಿನಕ್ಕೆ ಕಾಯಿ ಹಣ್ಣಾಗುವ ಹೊತ್ತಿಗೆ ಶಾಲೆಯಲ್ಲಿ ಯಾರೂ ಇರುವುದಿಲ್ಲ. ಮಕ್ಕಳು ನೆಟ್ಟದ್ದನ್ನು ಮಕ್ಕಳೇ ಕೊಯ್ಯುವಂತಿರಬೇಕು ಎಂಬುದನ್ನು ಮೊದಲ ನಿಯಮವಾಗಿಟ್ಟುಕೊಂಡು ಹಿಂದಕ್ಕೆ ಎಣಿಸಿ. ಜೂನ್‌ನಲ್ಲಿ ದಂಟು, ಕೀರೆ, ಮೆಂತ್ಯ ಬಿತ್ತಿದರೆ ತಿಂಗಳಿಗೆಲ್ಲ ಸೊಪ್ಪು ಕೈಗೆ ಬರುತ್ತದೆ. ಮೂಲಂಗಿಗೆ ಒಂದೂವರೆ ತಿಂಗಳು ಸಾಕು, ಬೆಂಡೆಯ ಮೊದಲ ಕೊಯ್ಲಿಗೂ ಹೆಚ್ಚುಕಡಿಮೆ ಅಷ್ಟೇ. ಟೊಮೇಟೊ, ಬದನೆಗಳನ್ನು ಜುಲೈ ಹೊತ್ತಿಗೆ ನೆಟ್ಟುಬಿಡಿ. ದಸರೆಯ ರಜೆಯಲ್ಲಿ ಹಿಂಗಾರು ಮಳೆ ಸಾಮಾನ್ಯವಾಗಿ ನಿಮ್ಮ ಕೈಹಿಡಿಯುತ್ತದೆ. ಮಾರ್ಚ್ ಮಧ್ಯಕ್ಕೆ ಕೊನೆಯ ಕೊಯ್ಲು ಮುಗಿಸಿ, ಮಡಿಗಳ ಮೇಲೆ ಒಣಗಿದ ಎಲೆ, ತೆಂಗಿನ ಗರಿ, ಕೊಯ್ದ ಗಿಡಗಳನ್ನು ನಾಲ್ಕು ಬೆರಳು ದಪ್ಪಕ್ಕೆ ಹೊದಿಸಿ ನೆಲವನ್ನು ಮಲಗಲು ಬಿಡಿ. ಬೇಸಿಗೆಯಲ್ಲಿ ಶಾಲೆಯ ತೋಟ ಖಾಲಿ ಇರುವುದು ಸೋಲಲ್ಲ. ಮೈಸೂರು ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಹಲವು ಮಳೆ ಬೀಳುವವರೆಗೆ ಖಾಲಿಯೇ ಇರುತ್ತವೆ. ಮೇ ತಿಂಗಳಲ್ಲಿ ಹದ ಮಳೆ ಬಿದ್ದಾಗ ಸೆಣಬನ್ನೋ ಅಲಸಂದೆಯನ್ನೋ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಮಗುಚಿದರೆ ಮುಂದಿನ ಬೆಳೆಗೆ ಗೊಬ್ಬರವೂ ಆಗುತ್ತದೆ.

ವರ್ಷವಿಡೀ ಹಸಿರು ಕಾಣಲೇಬೇಕು ಎನಿಸಿದರೆ ಬೇಲಿಯ ಅಂಚಿಗೆ ನುಗ್ಗೆ, ಕರಿಬೇವು, ಚಕ್ರಮುನಿ ಹಾಕಿ. ಬೇರೂರಿದ ಮೇಲೆ ನುಗ್ಗೆ ಬೇಸಿಗೆಯನ್ನು ತಾನೇ ನಿಭಾಯಿಸುತ್ತದೆ. ಎಳೆಯ ಸಸಿಗಳ ಪಕ್ಕದಲ್ಲಿ, ತಳದಲ್ಲಿ ಸಣ್ಣ ತೂತಿಟ್ಟು ಬತ್ತಿ ಸಿಕ್ಕಿಸಿದ ಮಣ್ಣಿನ ಮಡಕೆಯನ್ನು ಹೂತು ತುಂಬಿಸಿಟ್ಟರೆ, ನೀರು ಮೆಲ್ಲನೆ ಬೇರಿಗೆ ಇಳಿಯುತ್ತದೆ. ಮಡಕೆಯ ಬಾಯಿಗೂ, ನೀರು ಸಂಗ್ರಹಿಸುವ ಡ್ರಮ್ಮಿಗೂ ಮುಚ್ಚಳ ಇರಲೇಬೇಕು. ಡೆಂಗಿ ಸೊಳ್ಳೆ ಶುದ್ಧ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ, ಮತ್ತು ಶಾಲೆಯಲ್ಲಿ ಒಂದು ಮಗುವಿಗೆ ಜ್ವರ ಬಂದರೂ ಮೊದಲು ಕಿತ್ತುಹಾಕುವುದು ನಿಮ್ಮ ತೋಟವನ್ನೇ.

ಒಂದು ಗುಂಟೆಯನ್ನು ಮೂರು ಅಥವಾ ನಾಲ್ಕು ಮಡಿಗೆ ಇಳಿಸಿದರೆ ಕಲಿಸಲು ಏನು ಉಳಿಯುತ್ತದೆ ಎಂದು ನೀವು ಕೇಳಬಹುದು. ಅವರೆಯ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ಅದಕ್ಕೇ ಸೊಗಡಿನ ಅವರೆ ಮಾರುಕಟ್ಟೆಗೆ ಬರುವುದು ಚಳಿಗಾಲದಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ಬಿತ್ತಿದ ಒಂದೂವರೆ ತಿಂಗಳಿಗೆಲ್ಲ ಹೂ ಕಾಣುತ್ತವೆ. ಒಂದೇ ಮಡಿಯ ಒಂದು ಸಾಲಿನಲ್ಲಿ ನಾಟಿ ಅವರೆಯನ್ನೂ ಪಕ್ಕದ ಸಾಲಿನಲ್ಲಿ ಹೆಬ್ಬಾಳ ಅವರೆಯನ್ನೂ ಜೂನ್‌ನಲ್ಲಿ ಬಿತ್ತಿ. ಆಗಸ್ಟ್‌ನಲ್ಲಿ ಮೂರನೆಯ ಸಾಲಿಗೆ ಮತ್ತೆ ನಾಟಿ ಅವರೆ ಹಾಕಿ. ಹೆಬ್ಬಾಳ ಅವರೆ ಕಾಯಿ ಕೊಟ್ಟು ಮುಗಿಸುವಾಗಲೂ ಜೂನ್‌ನ ನಾಟಿ ಬಳ್ಳಿ ಬರೀ ಎಲೆ ತುಂಬಿಕೊಂಡು ಹಬ್ಬುತ್ತಲೇ ಇರುತ್ತದೆ. ಕೊನೆಗೆ ಎರಡು ತಿಂಗಳ ವಯಸ್ಸಿನ ಅಂತರವಿರುವ ನಾಟಿ ಬಳ್ಳಿಗಳೆರಡೂ ಹೆಚ್ಚುಕಡಿಮೆ ಒಟ್ಟಿಗೇ ಹೂ ಬಿಡುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಗಿಡ ಹಗಲಿರುಳನ್ನು ಅಳೆಯುತ್ತದೆ ಎಂಬುದನ್ನು ಏಳನೆಯ ತರಗತಿಯ ಮಗುವಿಗೆ ಇದಕ್ಕಿಂತ ಚೆನ್ನಾಗಿ ತೋರಿಸುವ ಉಪಾಯ ನನಗೆ ಗೊತ್ತಿಲ್ಲ. ಇದಕ್ಕೆ ಬೇಕಾದದ್ದು ಹತ್ತಡಿ ಜಾಗ, ಒಂದು ದಿನಚರಿ ಪುಸ್ತಕ. ಕಾಯಿ ಬಲಿತ ಮೇಲೆ ಬೀಜ ಒಣಗಿಸಿ, ಬೂದಿ ಸವರಿ ಡಬ್ಬಿಗೆ ತುಂಬಿಡುವುದನ್ನು ಯಾವುದಾದರೂ ಮಗುವಿನ ಅಜ್ಜಿಯನ್ನೇ ಕರೆಸಿ ಹೇಳಿಸಿ.

ಇನ್ನು ಹಳದಿ ಎಲೆಯ ವಿಚಾರ. ಎಲೆ ಹಳದಿಯಾಯಿತೆಂದರೆ ಮಣ್ಣಿನಲ್ಲಿ ವಿಷವಿದೆ ಎಂದರ್ಥವಲ್ಲ. ಯಾವ ಎಲೆ ಹಳದಿಯಾಗಿದೆ ಎಂಬುದನ್ನು ಮೊದಲು ನೋಡಿ. ಕೆಳಗಿನ ಹಳೆಯ ಎಲೆಗಳು ಒಂದೇ ಸಮನೆ ಹಳದಿಯಾಗುತ್ತಿದ್ದರೆ ಸಾರಜನಕದ ಕೊರತೆ ಇರಬಹುದು. ಹಸಿ ಕೊಕೊಪೀಟನ್ನೋ ಮರದ ಹೊಟ್ಟನ್ನೋ ಅರೆಬೆಂದ ಕಾಂಪೋಸ್ಟನ್ನೋ ಹೆಚ್ಚಾಗಿ ಬೆರೆಸಿದ ಮಡಿಗಳಲ್ಲಿ ಇದು ಸಾಮಾನ್ಯ, ಏಕೆಂದರೆ ಅದನ್ನು ಕೊಳೆಸುವ ಸೂಕ್ಷ್ಮಾಣುಗಳು ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ. ಹಾಗಲ್ಲದೆ, ತುದಿಯ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆಯನ್ನು ಶಂಕಿಸಿ. ಶಾಲೆಯ ಹಿತ್ತಲು, ಬಡಾವಣೆಯ ಮೂಲೆ ಎಂದರೆ ಬಹಳ ಸಲ ಕಟ್ಟಡ ಕಟ್ಟಿದಾಗ ಉಳಿದ ಸಿಮೆಂಟು, ಗಾರೆ, ಇಟ್ಟಿಗೆ ಚೂರು ಸುರಿದ ಜಾಗ. ಸುಣ್ಣದ ಅಂಶ ಸೇರಿ ಮಣ್ಣಿನ ರಸಸಾರ (ಪಿಎಚ್) ಏರಿದಾಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ಅದು ದಕ್ಕುವುದಿಲ್ಲ. ಒಂದು ಹಿಡಿ ಒಣಮಣ್ಣಿನ ಮೇಲೆ ಅಡುಗೆಮನೆಯ ವಿನಿಗರ್ ಸುರಿದು ನೋಡಿ. ನೊರೆ ಎದ್ದರೆ ಸುಣ್ಣವಿದೆ. ಮಕ್ಕಳು ಇದನ್ನು ಎಷ್ಟು ಸಲ ಮಾಡಿಸಿದರೂ ಬೇಸರಪಡುವುದಿಲ್ಲ. ಎಲೆ ಹಳದಿಯಾಗುವುದರ ಜೊತೆಗೆ ಮುರುಟಿಕೊಂಡು, ಗಿಡ ಗಿಡ್ಡವಾಗಿ ನಿಂತಿದ್ದರೆ ಅದು ಬಿಳಿನೊಣ ಹರಡುವ ವೈರಾಣು ರೋಗ. ಅದಕ್ಕೆ ಔಷಧಿಯಿಲ್ಲ, ಅಂತಹ ಗಿಡವನ್ನು ಕಿತ್ತು ಹಾಕಬೇಕು. ಬೆಂಡೆಯಲ್ಲಿ ಎಲೆಯ ನರಗಳೇ ಹಳದಿಯಾದರೆ ಅದೂ ಇದೇ ಜಾತಿಯ ರೋಗ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿಯನ್ನು ರೂಪಿಸಿದ್ದೇ ಆ ರೋಗವನ್ನು ತಾಳಿಕೊಳ್ಳಲಿ ಎಂದು.

ಸೀಸದ ಮಾತನ್ನು ಪೂರ್ತಿ ತಳ್ಳಿಹಾಕಲಾಗದು, ಆದರೆ ಪೋಷಕರು ಹೇಳಿದಂತೆ ನಗರದ ಮಣ್ಣೆಲ್ಲ ವಿಷ ಎಂಬುದು ಸರಿಯಲ್ಲ. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲಿ ನಿಂತಿತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ ತೊಂಬತ್ತು ಭಾಗವನ್ನು ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಗೆ ಬಂದಿದೆ. ಅಂದರೆ ಅದಕ್ಕೂ ಹಿಂದೆ ಬಣ್ಣ ಬಳಿದ ಹಳೆಯ ಕಿಟಕಿ, ಗೇಟು, ಗೋಡೆಗಳ ಬುಡದಲ್ಲಿ ಉದುರಿದ ಹಕ್ಕಳೆ ಇರಬಹುದು. ವಾಹನಗಳ ದಟ್ಟಣೆಯ ರಸ್ತೆಯಂಚಿನಲ್ಲಿ ಹಳೆಯ ಸೀಸ ಉಳಿದಿರಬಹುದು. ಹಿಂದೆ ಬ್ಯಾಟರಿ ರಿಪೇರಿ ಅಥವಾ ಗುಜರಿ ಕೆಲಸ ನಡೆದ ಜಾಗವಾಗಿದ್ದರೆ ಅಲ್ಲಿ ತರಕಾರಿ ಬೆಳೆಯುವ ಯೋಚನೆಯನ್ನೇ ಬಿಡಬೇಕು. ಸೀಸ ಮಕ್ಕಳ ದೇಹ ಸೇರುವುದು ಹೆಚ್ಚಾಗಿ ಕೈಗೆ ಮೆತ್ತಿದ ಮಣ್ಣು ಮತ್ತು ಧೂಳಿನಿಂದ, ತೊಳೆಯದ ಸೊಪ್ಪು ಮತ್ತು ಗೆಡ್ಡೆಗಳಿಂದ. ಟೊಮೇಟೊ, ಬೆಂಡೆಯಂತಹ ಕಾಯಿಗಳಿಗೆ ಅದು ಏರುವುದು ಬಹಳ ಕಡಿಮೆ. ಹಳೆಯ ಗೋಡೆಯಿಂದ ಐದಾರು ಅಡಿ ದೂರ ಸರಿದು, ಮುಕ್ಕಾಲು ಅಡಿ ಎತ್ತರಕ್ಕೆ ಬೇರೆ ಕಡೆಯ ಒಳ್ಳೆಯ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿದ ಏರುಮಡಿ ಮಾಡಿ, ಕೆಲಸದ ನಂತರ ಸೋಪು ಹಾಕಿ ಕೈ ತೊಳೆಸಿದರೆ ಸಾಮಾನ್ಯ ಶಾಲಾ ಆವರಣದಲ್ಲಿ ಅಪಾಯ ಬಹುಮಟ್ಟಿಗೆ ದೂರವಾಗುತ್ತದೆ. ಒಂದು ಎಚ್ಚರಿಕೆ: ಮಣ್ಣು ಆರೋಗ್ಯ ಚೀಟಿಗಾಗಿ ಮಾಡುವ ಪರೀಕ್ಷೆಯಲ್ಲಿ ರಸಸಾರ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಕಬ್ಬಿಣ, ಸತು ಮುಂತಾದ ಹನ್ನೆರಡು ಅಂಶಗಳನ್ನು ನೋಡುತ್ತಾರೆ, ಸೀಸ ಅದರಲ್ಲಿಲ್ಲ. ಆ ವರದಿಯನ್ನು ತೋರಿಸಿ ‘ಸೀಸವಿಲ್ಲ’ ಎಂದು ಪೋಷಕರಿಗೆ ಹೇಳಬೇಡಿ. ಅನುಮಾನ ಬಲವಾಗಿದ್ದರೆ ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯದಲ್ಲಿ ಸೀಸಕ್ಕೆಂದೇ ಕೇಳಿ ಪರೀಕ್ಷೆ ಮಾಡಿಸಬೇಕು. ಉಳಿದ ಅಂಶಗಳಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ನಿಜ ಹೇಳಬೇಕೆಂದರೆ, ಶಾಲಾ ತೋಟಗಳಲ್ಲಿ ಸೀಸಕ್ಕಿಂತ ನನಗೆ ಹೆಚ್ಚು ಚಿಂತೆ ಸಗಣಿಯದು. ಹಸಿ ಸಗಣಿಯಿಂದ ಮಾಡಿದ ಜೀವಾಮೃತವನ್ನು ನಾಳೆ ಕೊಯ್ಯುವ ಕೊತ್ತಂಬರಿಯ ಮೇಲೆ ಎರಚುವುದನ್ನು ನಾನು ಕಂಡಿದ್ದೇನೆ. ಮಣ್ಣಿಗೆ ಅದರಿಂದ ಪ್ರಯೋಜನವಿಲ್ಲವೆಂದಲ್ಲ. ಹಸಿಯಾಗಿ ತಿನ್ನುವ ಎಲೆಗೆ ತಾಗಿದರೆ ಭೇದಿಯ ರೋಗಾಣುಗಳೂ ಅದರೊಂದಿಗೆ ಹೋಗುತ್ತವೆ. ಸಾವಯವ ಎಂದ ಮಾತ್ರಕ್ಕೆ ಸುರಕ್ಷಿತ ಎಂಬ ನಂಬಿಕೆಯನ್ನು ಶಾಲೆಯ ಹೊರಗೇ ಬಿಡಬೇಕು. ಚೆನ್ನಾಗಿ ಕಳಿತ, ಮಣ್ಣಿನ ವಾಸನೆ ಬರುವ ಗೊಬ್ಬರವನ್ನು ಮಾತ್ರ ಬಳಸಿ. ಚರಂಡಿ ನೀರನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ.

ಮಕ್ಕಳ ಕೈಯಲ್ಲಿ ಮಾಲಿ ಕೆಲಸ ಮಾಡಿಸುತ್ತೀರಿ ಎಂಬ ದೂರಿನಲ್ಲಿ ಅರ್ಧ ಸತ್ಯವಿದೆ. ಪಾಠದ ಅವಧಿಯೊಳಗೆ, ಶಿಕ್ಷಕರ ಸಮ್ಮುಖದಲ್ಲಿ, ಏನನ್ನೋ ಕಲಿಯುವುದಕ್ಕಾಗಿ ಮಗು ಕಳೆ ಕಿತ್ತರೆ ಅದು ಕಲಿಕೆ. ಪಾಠ ತಪ್ಪಿಸಿ, ಅಥವಾ ತಡವಾಗಿ ಬಂದದ್ದಕ್ಕೆ ಶಿಕ್ಷೆಯಾಗಿ ಕಳೆ ಕೀಳಿಸಿದರೆ ಅದು ದುಡಿಮೆ, ಮತ್ತು 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಗುದ್ದಲಿಯಲ್ಲಿ ಅಗೆಯುವುದು, ಗೊಬ್ಬರದ ಮೂಟೆ ಹೊರುವುದು, ಔಷಧಿ ಸಿಂಪಡಿಸುವುದು ಮಕ್ಕಳ ಕೆಲಸವಲ್ಲ. ಇನ್ನೂ ಒಂದನ್ನು ಗಮನಿಸಿ: ನೀರು ಹೊರುವ ಕೆಲಸಕ್ಕೆ ಪ್ರತಿಸಲವೂ ಅದೇ ನಾಲ್ಕು ಮಕ್ಕಳ ಹೆಸರು ಬರುತ್ತಿದ್ದರೆ, ಅವರು ಯಾರ ಮನೆಯ ಮಕ್ಕಳು ಎಂದು ಕೇಳಿಕೊಳ್ಳಿ. ಆ ಪೋಷಕರ ಸಿಟ್ಟಿಗೆ ಕಾರಣ ಅಲ್ಲಿರಬಹುದು. ಅವರನ್ನು ಒಂದು ಪಾಠಕ್ಕೆ ಕರೆದು ಕೂರಿಸಿಕೊಂಡರೆ ವಿವರಣೆಯ ಅಗತ್ಯ ಬೀಳುವುದಿಲ್ಲ.

ಈಗ ಹಣ ಮತ್ತು ನೋಂದಣಿಗೆ ಬರೋಣ. ‘ಇಂದು ನೋಂದಣಿ, ನಾಳೆ ಸಿಎಸ್‌ಆರ್’ ಎಂಬ ನಂಬಿಕೆಯನ್ನು ಮೊದಲು ಬಿಡಿ. ಕಂಪನಿ ತನ್ನ ಸಿಎಸ್‌ಆರ್ ಹಣವನ್ನು ಹೊರಗಿನ ಸಂಸ್ಥೆಯ ಮೂಲಕ ಖರ್ಚು ಮಾಡಬೇಕಾದರೆ ಆ ಸಂಸ್ಥೆ ನೋಂದಾಯಿತ ಸೊಸೈಟಿ, ಸಾರ್ವಜನಿಕ ಟ್ರಸ್ಟ್ ಅಥವಾ ಲಾಭದ ಉದ್ದೇಶವಿಲ್ಲದ ಸೆಕ್ಷನ್ 8 ಕಂಪನಿಯಾಗಿರಬೇಕು, ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ಎಂದು ರೂಢಿಯಲ್ಲಿ ಕರೆಯುವ ತೆರಿಗೆ ವಿನಾಯಿತಿಯ ನೋಂದಣಿಗಳು ಇರಬೇಕು, ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ತೋರಿಸಬೇಕು, ಮತ್ತು 2021ರ ಏಪ್ರಿಲ್‌ನಿಂದ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯ ಮೂಲಕ ಹೆಸರು ದಾಖಲಾಗಿರಬೇಕು. ನಿಮ್ಮ ಮೂರು ವರ್ಷಗಳ ಕೆಲಸಕ್ಕೆ ಲೆಕ್ಕಪತ್ರವೇ ಇಲ್ಲದಿದ್ದರೆ ಅದನ್ನು ಅನುಭವವೆಂದು ಒಪ್ಪಿಸುವುದು ಕಷ್ಟ. ಆ ಕಂಪನಿಗೆ ನಿಜವಾಗಿ ಸಹಾಯ ಮಾಡುವ ಮನಸ್ಸಿದ್ದರೆ ನೀರಿನ ಟ್ಯಾಂಕು, ಹನಿ ನೀರಾವರಿಯ ಪೈಪು, ಉಪಕರಣಗಳನ್ನು ನೇರವಾಗಿ ಶಾಲೆಗೇ ಕೊಡಬಹುದು, ಅಥವಾ ಈಗಾಗಲೇ ಅರ್ಹತೆಯಿರುವ ಸ್ಥಳೀಯ ಸಂಸ್ಥೆಯೊಂದರ ಮೂಲಕ ಖರ್ಚು ಮಾಡಬಹುದು. ನಿಮ್ಮ ಕೈಗೆ ಹಣ ಬರಲೇಬೇಕಾದ ಅಗತ್ಯವಿದೆಯೇ ಎಂದು ಒಮ್ಮೆ ಕೂತು ಯೋಚಿಸಿ.

ಹಾಗೆಂದು ಈಗಿರುವಂತೆಯೇ ಮುಂದುವರಿಯಿರಿ ಎಂದು ಹೇಳಲಾರೆ. ಒಬ್ಬ ಸದಸ್ಯರ ಸ್ವಂತ ಖಾತೆಗೆ, ಅವರ ಫೋನಿನ ಯುಪಿಐಗೆ ಚಂದಾ ಸೇರಿಸುತ್ತಿದ್ದೀರಿ ಎಂದಾದರೆ ಅದನ್ನು ನಿಲ್ಲಿಸಿ. ಅದು ಅವರ ಆದಾಯವಲ್ಲವೆಂದು ಸಾಬೀತುಪಡಿಸುವ ಹೊಣೆ ಅವರ ಮೇಲೆಯೇ ಬೀಳುತ್ತದೆ, ಅದಕ್ಕಿಂತ ಮೊದಲೇ ಬಳಗದೊಳಗೆ ಮಾತು ಹುಟ್ಟುತ್ತದೆ. ವರ್ಷಕ್ಕೆ ಬೀಜ, ಗೊಬ್ಬರಕ್ಕೆ ಕೆಲವು ಸಾವಿರ ರೂಪಾಯಿ ಸಾಕಾಗುವ ಬಳಗಕ್ಕೆ ನೋಂದಣಿ ಅನಿವಾರ್ಯವಲ್ಲ. ಹಣದ ಬದಲು ವಸ್ತುಗಳನ್ನೇ ತನ್ನಿ, ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಬರೆದಿಡಿ. ಸಂಬಳ, ದೊಡ್ಡ ದೇಣಿಗೆ, ಜಾಗದ ಕರಾರು ಇವುಗಳಲ್ಲಿ ಯಾವುದಾದರೂ ಒಂದು ಎದುರಾದ ದಿನ ನೋಂದಣಿ ಬೇಕಾಗುತ್ತದೆ.

ಸೊಸೈಟಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಕನಿಷ್ಠ ಏಳು ಮಂದಿ ಬೇಕು. ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಎಲ್ಲರಿಗೂ ಮತವಿರುವ, ಪದಾಧಿಕಾರಿಗಳು ಬದಲಾಗುವ ಈ ಏರ್ಪಾಡು ನಿಮ್ಮಂತಹ ಬಳಗದ ಸ್ವಭಾವಕ್ಕೆ ಹತ್ತಿರ. ಇದರ ಅಪಾಯವೆಂದರೆ, ವರ್ಷದ ಕಾಗದಪತ್ರ ಸಲ್ಲಿಸುವುದನ್ನು ಎರಡು ಮೂರು ವರ್ಷ ಮರೆತು, ನಂತರ ದಂಡ ಕಟ್ಟಲು ಓಡಾಡುವುದು. ಇನ್ನೊಂದು, ಬಡಾವಣೆಯ ರಾಜಕೀಯ ಒಳಗೆ ನುಗ್ಗುವುದು. ಟ್ರಸ್ಟ್ ಆದರೆ ಪತ್ರವೊಂದನ್ನು ಬರೆದು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಬೇಕು, ನಡೆಸುವುದು ಸುಲಭ. ಆದರೆ ಅಧಿಕಾರ ಟ್ರಸ್ಟಿಗಳಲ್ಲಿಯೇ ಉಳಿಯುತ್ತದೆ, ಭಾನುವಾರ ಬಂದು ಮಣ್ಣು ಮುಟ್ಟುವವರಿಗೆ ಅಲ್ಲಿ ಮಾತಿಲ್ಲ. ಸೆಕ್ಷನ್ 8 ಕಂಪನಿಯ ವಾರ್ಷಿಕ ಕಾಗದಪತ್ರದ ಖರ್ಚು ನಿಮ್ಮ ಬೀಜದ ಖರ್ಚನ್ನು ಮೀರುತ್ತದೆ, ಅದರ ಮಾತು ಬೇಡ. ನೋಂದಣಿಯಾದರೆ ಸರ್ಕಾರ ಬಳಗವನ್ನು ವಶಪಡಿಸಿಕೊಳ್ಳುತ್ತದೆ ಎಂಬ ಭಯ ಕೆಲವರಲ್ಲಿ ಇರುವುದುಂಟು. ಲೆಕ್ಕ ಸರಿಯಿರುವ, ಸಭೆ ನಡೆಸುವ ಸಂಘಕ್ಕೆ ಆ ಭಯ ಬೇಡ.

ಅಮೆರಿಕದ ಹುಡುಗನ ಹಣದ ವಿಷಯದಲ್ಲಿ ಒಂದೇ ಪ್ರಶ್ನೆ ಕೇಳಿ: ಅವನ ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ ಪೌರತ್ವ ಉಳಿಸಿಕೊಂಡಿರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಸಹ, 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ ಅನ್ವಯಿಸುತ್ತದೆ, ಆ ಕಾಯಿದೆಯಡಿಯ ಅನುಮತಿಯಿಲ್ಲದೆ ಒಂದು ಡಾಲರನ್ನೂ ಬಳಗ ತೆಗೆದುಕೊಳ್ಳುವಂತಿಲ್ಲ. ಸ್ನೇಹದ ಮಾತಿಗೆ ಕಟ್ಟುಬಿದ್ದು ಇದರಲ್ಲಿ ಎಡವಬೇಡಿ.

ಪಾರ್ಕಿನ ಮೂಲೆಯನ್ನು ಬಿಟ್ಟುಕೊಡುವುದೇ ಮೇಲು ಎಂದು ನನ್ನ ಅಭಿಪ್ರಾಯ. 1985ರ ಕರ್ನಾಟಕ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯಿದೆ ಪಾರ್ಕುಗಳನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ಕಾಪಾಡುತ್ತದೆ. ಅದು ನಿಮ್ಮ ವಿರುದ್ಧ ಮಾಡಿದ್ದಲ್ಲ, ಒತ್ತುವರಿಯ ವಿರುದ್ಧ ಮಾಡಿದ್ದು. ಆದರೆ ನಗರಪಾಲಿಕೆಯ ಲಿಖಿತ ಒಪ್ಪಿಗೆಯಿಲ್ಲದೆ ಬೇಲಿ ಹಾಕಿದವರನ್ನು ಅದು ಒಳ್ಳೆಯವರು ಕೆಟ್ಟವರು ಎಂದು ಬೇರ್ಪಡಿಸುವುದಿಲ್ಲ. ಅದರ ಬದಲು ಪಕ್ಕದ ಖಾಲಿ ಸೈಟಿನ ಯಜಮಾನರು ಒಪ್ಪಿದರೆ, ‘ನಿಮ್ಮ ಅನುಮತಿಯಿಂದ, ನೀವು ಕೇಳಿದಾಗ ಬಿಟ್ಟುಕೊಡುವ ಷರತ್ತಿನ ಮೇಲೆ ಬಳಸುತ್ತಿದ್ದೇವೆ’ ಎಂದು ಕಾಗದದಲ್ಲಿ ಬರೆದು ಸಹಿ ಮಾಡಿ ಕೊಡಿ. ಹನ್ನೆರಡು ವರ್ಷ ಅನುಭವಿಸಿದವರಿಗೇ ಜಾಗ ಎಂಬ ಮಾತು ಕೇಳಿ ಯಜಮಾನರು ಹೆದರುತ್ತಾರೆ. ಅನುಮತಿಯ ಮೇಲೆ ಇರುವವರಿಗೆ ಆ ಹಕ್ಕು ಹುಟ್ಟುವುದಿಲ್ಲ, ಹಾಗಾಗಿ ಈ ಕಾಗದ ಅವರಿಗೇ ರಕ್ಷಣೆ.

ಸ್ವಯಂಸೇವಕರು ಏಕೆ ಕರಗಿದರು ಎಂಬುದಕ್ಕೆ ಉತ್ತರ ಬಹುಪಾಲು ಈಗಾಗಲೇ ಬಂದಿದೆ. ಮೂವತ್ತು ಜನ ಬಂದದ್ದು ಕಲಿಯುವುದಕ್ಕೆ. ಎರಡನೆಯ ವರ್ಷ ಅವರಿಗೆ ನೀವು ಕೊಟ್ಟದ್ದು ಅದೇ ಬಿತ್ತನೆಯ ಪಾಠ ಮತ್ತು ಒಂದು ಬಕೆಟ್. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಾಳೆ ಯಾರಾದರೂ ನೀರು ಹಾಕುವಿರಾ’ ಎಂದು ಕೇಳಿದಾಗ ಆ ‘ಯಾರಾದರೂ’ ಸದಾ ಅದೇ ಇಬ್ಬರಾಗುತ್ತಾರೆ. ಒಬ್ಬೊಬ್ಬರನ್ನು ಕೇಳುವ ಬದಲು ಇಬ್ಬಿಬ್ಬರ ಜೋಡಿಗೆ ಒಂದು ಮಡಿ, ಒಂದು ತರಗತಿ, ಒಂದು ಹಂಗಾಮು ಎಂದು ಒಪ್ಪಿಸಿ, ಅಕ್ಟೋಬರ್ ಕೊನೆಗೆ ಅವರನ್ನು ಗೌರವದಿಂದ ಬಿಡುಗಡೆ ಮಾಡಿ. ಹೋಗಲು ಬಾಗಿಲು ಇದ್ದರೆ ಮರಳಿ ಬರುವವರೂ ಇರುತ್ತಾರೆ. ಒಂದು ವರ್ಷ ಕಲಿತವರನ್ನು ಮುಂದಿನ ವರ್ಷ ಬೀಜದ ಹೊಣೆಗೋ, ನೆರೆಯವರ ಮನೆಯ ತಾರಸಿ ನೋಡಿ ಸಲಹೆ ಕೊಡುವುದಕ್ಕೋ ಕಳಿಸಿ. ಸಾವಯವ ಕೃಷಿಕರ ಸಂಘಟನೆಯಾದ ಸಹಜ ಸಮೃದ್ಧ ಬಳಗದವರು ಮೈಸೂರಿನಲ್ಲಿ ಗೆಡ್ಡೆ ಗೆಣಸು ಮೇಳ ನಡೆಸುವಾಗ ನಿಮ್ಮವರನ್ನೆಲ್ಲ ಒಟ್ಟಿಗೆ ಕರೆದುಕೊಂಡು ಹೋದರೂ ಒಂದು ತರಗತಿಗಿಂತ ಹೆಚ್ಚಿನ ಕಲಿಕೆ ಆದೀತು.

ಮಾಲಿಯನ್ನು ಇಡುವುದು ತಪ್ಪಲ್ಲ, ದಿನದ ನೀರಿಗೆ ಸಂಬಳ ಕೊಡುವುದರಿಂದ ಸೇವೆಯ ಮನೋಭಾವಕ್ಕೆ ಕುಂದೂ ಇಲ್ಲ. ಆದರೆ ಮೂರು ನಾಲ್ಕು ಮಡಿಗೆ ಪೂರ್ಣಕಾಲದ ಮಾಲಿ ಬೇಕಾಗುವುದಿಲ್ಲ. ಶಾಲೆಯ ಪಕ್ಕದಲ್ಲಿಯೇ ಇರುವ ಯಾರಿಗಾದರೂ ದಿನಕ್ಕೆ ಅರ್ಧ ಗಂಟೆಯ ಕೆಲಸಕ್ಕೆ ನ್ಯಾಯವಾದ ಕೂಲಿ ಗೊತ್ತುಮಾಡಿ, ಜೂನ್‌ನಿಂದ ಮಾರ್ಚ್‌ವರೆಗೆ ಕೊಡುವ ಶಕ್ತಿ ನಿಮಗಿದೆಯೇ ಎಂದು ಲೆಕ್ಕ ಹಾಕಿಯೇ ಮಾತು ಕೊಡಿ. ನಡುವೆ ಸಂಬಳ ನಿಲ್ಲಿಸುವುದಕ್ಕಿಂತ ಇಡದಿರುವುದು ವಾಸಿ.

ಮುಖ್ಯೋಪಾಧ್ಯಾಯಿನಿಯವರ ಮಾತನ್ನು ನಾನು ಬೆದರಿಕೆಯೆಂದು ಓದುವುದಿಲ್ಲ. ತೋಟ ಯಾರದ್ದು ಎಂಬ ಪ್ರಶ್ನೆಯನ್ನು ಅವರು ಕೇಳುತ್ತಿದ್ದಾರೆ, ಅದಕ್ಕೆ ನೀವು ಈವರೆಗೆ ಉತ್ತರ ಕೊಟ್ಟಿಲ್ಲ. ಶಾಲಾ ಪೌಷ್ಟಿಕ ಕೈತೋಟಗಳಿಗಾಗಿ ಕೇಂದ್ರ ಶಿಕ್ಷಣ ಇಲಾಖೆಯ ಮಾರ್ಗಸೂಚಿ 2019ರಿಂದಲೂ ಇದೆ. ಅದರ ಪ್ರಕಾರವೂ ತೋಟ ಶಾಲೆಯದ್ದು, ಹೊರಗಿನವರು ನೆರವಾಗುವವರು. ಶಾಲೆ ತೆರೆಯುವ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಒಂದು ಪುಟದ ಪ್ರಸ್ತಾವ ಕೊಟ್ಟು ಅದನ್ನು ನಡಾವಳಿಯಲ್ಲಿ ಬರೆಸಿ: ಮಡಿಗಳ ಸಂಖ್ಯೆ ನಾಲ್ಕನ್ನು ಮೀರುವುದಿಲ್ಲ, ಪಾಠ ಯಾವ ತರಗತಿಗೆ, ವಾರದ ಯಾವ ಅವಧಿಯಲ್ಲಿ, ಶಾಲೆಯ ಕಡೆಯಿಂದ ಹೊಣೆ ಹೊರುವ ಶಿಕ್ಷಕರು ಯಾರು, ನೀರು ಯಾರದ್ದು, ಬೇಸಿಗೆಯಲ್ಲಿ ಮಡಿ ಖಾಲಿ ಇರುತ್ತದೆ, ಬೆಳೆದದ್ದು ಎಲ್ಲಿಗೆ ಹೋಗುತ್ತದೆ. ಕೊನೆಯದನ್ನು ಲಘುವಾಗಿ ಎಣಿಸಬೇಡಿ. ಬಿಸಿಯೂಟ ಶಾಲೆಯಲ್ಲಿಯೇ ಬೇಯುವುದಾದರೆ ಅಡುಗೆಯ ಅಕ್ಕಂದಿರನ್ನು ಬಿತ್ತನೆಗೆ ಮೊದಲೇ ಕೇಳಿ, ಸಾರಿಗೆ ಬೀಳುವಷ್ಟು ನುಗ್ಗೆಸೊಪ್ಪು, ಕರಿಬೇವು, ದಂಟು ಯಾವ ವಾರ ಬೇಕೆಂದು ಅವರೇ ಹೇಳಲಿ. ಊಟ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುವುದಾದರೆ ಕೊಯ್ದದ್ದನ್ನು ಸರದಿಯ ಮೇಲೆ ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿ, ಯಾರ ಸರದಿ ಯಾವಾಗ ಎಂಬುದನ್ನು ತರಗತಿಯ ಗೋಡೆಯ ಮೇಲೆ ಬರೆದಿರಲಿ. ಇಷ್ಟಕ್ಕೂ ಶಾಲೆ ಒಪ್ಪದೆ, ಪೂರ್ತಿ ನೀವೇ ನೋಡಿಕೊಳ್ಳಬೇಕೆಂದು ಹಟ ಹಿಡಿದರೆ, ಆ ಶಾಲೆಯನ್ನು ಮರ್ಯಾದೆಯಿಂದ ಬಿಟ್ಟು, ಒಬ್ಬ ಶಿಕ್ಷಕರಾದರೂ ಕೇಳಿಕೊಂಡು ಬರುವ ಇನ್ನೊಂದು ಶಾಲೆಗೆ ಹೋಗಿ.